ಹೊಸತನಕ್ಕೆ ಶಿಸ್ತಿನ ಬೆಂಬಲ: ಪ್ರಾಜೆಕ್ಟ್ ನಿರ್ವಹಣೆ ಮತ್ತು ಪ್ರಮಾಣಪತ್ರಗಳು

ಉದ್ಯಮ ಜಗತ್ತಿನಲ್ಲಿ ಹೊಸ ಆಲೋಚನೆಗಳಿಗೆ ಬರವಿಲ್ಲ. ಆದರೆ ಆಲೋಚನೆಯು ಕಾಗದದಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಮಾರುಕಟ್ಟೆಗೆ ಸಾಗುವ ಹಾದಿ ಸುಲಭದ್ದಲ್ಲ. ನಡುದಾರಿಯಲ್ಲಿ ಹಣ ಮುಗಿಯುತ್ತದೆ, ಗಡುವು ಮೀರುತ್ತದೆ, ಗ್ರಾಹಕ ಬಯಸಿದ್ದು ಒಂದಾದರೆ ತಯಾರಾಗಿ ನಿಲ್ಲುವುದು ಇನ್ನೊಂದು. ಡೆನ್ಮಾರ್ಕ್‌ನ ವಿದ್ವಾಂಸ ಬೆಂಟ್ ಫ್ಲಿವ್‌ಬ್ಯೆರ್ ಅವರು ವಿವಿಧ ದೇಶಗಳ 16 ಸಾವಿರಕ್ಕೂ ಹೆಚ್ಚು ದೊಡ್ಡ ಪ್ರಾಜೆಕ್ಟ್‌ಗಳ ಮಾಹಿತಿ ಕಲೆಹಾಕಿ 2023ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಅಂದಾಜು ವೆಚ್ಚ ಮತ್ತು ಅವಧಿ ಎರಡನ್ನೂ ಮೀರದೆ ಮುಗಿದವು ಶೇ 8.5 ಮಾತ್ರ. ವೆಚ್ಚ, ಅವಧಿಗಳ ಜೊತೆಗೆ ನಿರೀಕ್ಷಿತ ಪ್ರಯೋಜನವನ್ನೂ ನೀಡಿದವು ಕೇವಲ ಶೇ 0.5.

ಈ ಹಾದಿಯನ್ನು ಕ್ರಮಬದ್ಧಗೊಳಿಸುವ ವಿದ್ಯೆಯೇ ಪ್ರಾಜೆಕ್ಟ್ ನಿರ್ವಹಣೆ. ಅದನ್ನು ಬಲ್ಲವರಿಗೆ ಪ್ರಮಾಣಪತ್ರ ನೀಡುವ ಪದ್ಧತಿಯೂ ಜಗತ್ತಿನಾದ್ಯಂತ ಬೆಳೆದಿದೆ. ರಾಜ್ಯದ ಅನೇಕ ಎಂಜಿನಿಯರುಗಳು ಬಡ್ತಿಯ ಆಸೆಯಿಂದಲೋ ಹೊಸ ಉದ್ಯೋಗದ ನಿರೀಕ್ಷೆಯಿಂದಲೋ ಈ ಪರೀಕ್ಷೆಗಳಿಗೆ ಹಣ ಮತ್ತು ತಿಂಗಳುಗಳ ಶ್ರಮ ವ್ಯಯಿಸುತ್ತಾರೆ. ಶಿಸ್ತು, ನಮೂನೆ, ಪ್ರಮಾಣಪತ್ರಗಳಿಂದ ಹೊಸತನಕ್ಕೆ ನಿಜವಾಗಿ ಸಹಾಯವಾಗುತ್ತದೆಯೇ, ಅಥವಾ ಅವು ಹೊಸತನದ ಕೈ ಕಟ್ಟುತ್ತವೆಯೇ ಎಂಬ ಪ್ರಶ್ನೆ ಸಹಜ. ಈ ವಿಷಯದ ಮುಖ್ಯ ಮಾಹಿತಿ ಮತ್ತು ಅನುಭವಕ್ಕೆ ಬಂದ ಪಾಠಗಳನ್ನು ಇಲ್ಲಿ ನೀಡಲಾಗಿದೆ.

ಪ್ರಾಜೆಕ್ಟ್ ಎಂದರೇನು?

ಕನ್ನಡದಲ್ಲಿ ‘ಯೋಜನೆ’ ಎಂಬ ಒಂದೇ ಪದ ಹಲವು ಅರ್ಥಗಳನ್ನು ಹೊರುತ್ತದೆ. ಪಂಚವಾರ್ಷಿಕ ಯೋಜನೆ, ಮಧ್ಯಾಹ್ನದ ಬಿಸಿಯೂಟ ಯೋಜನೆ, ಮನೆ ಕಟ್ಟುವ ಯೋಜನೆ ಇವೆಲ್ಲವೂ ಯೋಜನೆಗಳೇ. ಗೊಂದಲ ತಪ್ಪಿಸುವ ಸಲುವಾಗಿ ಈ ಲೇಖನದಲ್ಲಿ ‘ಪ್ರಾಜೆಕ್ಟ್’ ಎಂಬ ಬಳಕೆಯ ಪದವನ್ನೇ ಉಳಿಸಿಕೊಳ್ಳಲಾಗಿದೆ.

ಆರಂಭ ಮತ್ತು ಅಂತ್ಯ ಎರಡೂ ಇರುವ, ಹಿಂದೆ ಅದೇ ರೂಪದಲ್ಲಿ ಮಾಡಿರದ, ಒಂದು ನಿರ್ದಿಷ್ಟ ಫಲವನ್ನು ನೀಡಬೇಕಾದ ತಾತ್ಕಾಲಿಕ ಕಾರ್ಯವೇ ಪ್ರಾಜೆಕ್ಟ್. ಹಾಲಿನ ಒಕ್ಕೂಟವು ದಿನವೂ ಹಾಲು ಸಂಗ್ರಹಿಸುವುದು ನಿತ್ಯದ ಕಾರ್ಯಾಚರಣೆ. ಹೊಸದೊಂದು ಹಾಲಿನ ಉತ್ಪನ್ನವನ್ನು ರೂಪಿಸಿ ಅಂಗಡಿಗೆ ತಲುಪಿಸುವುದು ಪ್ರಾಜೆಕ್ಟ್. ನಿತ್ಯದ ಕೆಲಸದಲ್ಲಿ ನಿನ್ನೆಯ ಅನುಭವ ಇಂದಿಗೆ ಸಾಕಾಗುತ್ತದೆ. ಪ್ರಾಜೆಕ್ಟ್‌ನಲ್ಲಿ ಗೊತ್ತಿಲ್ಲದ ಅಂಶಗಳೇ ಹೆಚ್ಚು. ಈ ಅರ್ಥದಲ್ಲಿ ಪ್ರತಿಯೊಂದು ನಾವೀನ್ಯವೂ ಒಂದು ಪ್ರಾಜೆಕ್ಟ್ ಆಗಿಯೇ ಜನ್ಮ ತಾಳಬೇಕಾಗುತ್ತದೆ.

ಬೆಳೆದು ಬಂದ ಬಗೆ

ಅಣೆಕಟ್ಟು, ದೇವಾಲಯ, ಕೋಟೆಗಳಷ್ಟೇ ಹಳೆಯದಾದ ಈ ಕೆಲಸಕ್ಕೆ ಶಾಸ್ತ್ರದ ರೂಪ ದೊರೆತದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಜನಪ್ರಿಯಗೊಳಿಸಿದ ಪಟ್ಟಿ ನಕ್ಷೆ ಇಂದಿಗೂ ಅವರ ಹೆಸರಿನಲ್ಲೇ ಬಳಕೆಯಲ್ಲಿದೆ. ಯಾವ ಕೆಲಸ ಯಾವ ವಾರ ಆರಂಭವಾಗಿ ಯಾವ ವಾರ ಮುಗಿಯಬೇಕೆಂಬುದನ್ನು ಅಡ್ಡ ಪಟ್ಟಿಗಳ ಮೂಲಕ ತೋರಿಸುವ ವಿಧಾನವದು.

1957ರಲ್ಲಿ ಡ್ಯುಪಾಂಟ್ ಮತ್ತು ರೆಮಿಂಗ್ಟನ್ ರ್‍ಯಾಂಡ್ ಕಂಪನಿಗಳ ತಜ್ಞರು ‘ನಿರ್ಣಾಯಕ ಪಥ’ ವಿಧಾನವನ್ನು ರೂಪಿಸಿದರು. ಒಂದರ ಹಿಂದೆ ಒಂದಾಗಿ ನಡೆಯಲೇಬೇಕಾದ ಕೆಲಸಗಳ ಸರಪಳಿಗಳಲ್ಲಿ ಅತಿ ಉದ್ದವಾದುದನ್ನು ಗುರುತಿಸುವುದು ಇದರ ತಿರುಳು. ಆ ಸರಪಳಿಯ ಮೇಲೆ ಒಂದು ದಿನ ತಡವಾದರೆ ಇಡೀ ಕೆಲಸ ಒಂದು ದಿನ ತಡವಾಗುತ್ತದೆ. ಉಳಿದೆಡೆ ಸ್ವಲ್ಪ ಆಚೀಚೆ ಆದರೂ ಬಾಧೆಯಿಲ್ಲ.

1958ರಲ್ಲಿ ಅಮೆರಿಕದ ನೌಕಾಪಡೆಯು ಪೋಲಾರಿಸ್ ಕ್ಷಿಪಣಿಗಾಗಿ ‘ಪರ್ಟ್’ ಎಂಬ ವಿಧಾನವನ್ನು ಬಳಕೆಗೆ ತಂದಿತು. ಜಲಾಂತರ್ಗಾಮಿಯಿಂದ ಹಾರಿಸುವ ಅಂಥ ಕ್ಷಿಪಣಿಯನ್ನು ಅದುವರೆಗೆ ಆ ದೇಶ ನಿರ್ಮಿಸಿರಲಿಲ್ಲವಾದ್ದರಿಂದ ಅವಧಿಯನ್ನು ಖಚಿತವಾಗಿ ಹೇಳುವುದು ಅಸಾಧ್ಯವಾಗಿತ್ತು. ಹಾಗಾಗಿ ಪ್ರತಿ ಕೆಲಸಕ್ಕೂ ಮೂರು ಅಂದಾಜುಗಳನ್ನು ಪಡೆಯಲಾಯಿತು: ಎಲ್ಲವೂ ಸುಗಮವಾದರೆ, ಸಾಮಾನ್ಯವಾಗಿ ನಡೆದರೆ ಮತ್ತು ಎಲ್ಲವೂ ಕೈಕೊಟ್ಟರೆ. ಇವು ಕ್ರಮವಾಗಿ 4, 6 ಮತ್ತು 14 ವಾರಗಳೆಂದು ಇಟ್ಟುಕೊಂಡರೆ, ನಡುವಿನ ಅಂಕಿಗೆ ನಾಲ್ಕು ಪಟ್ಟು ತೂಕ ಕೊಟ್ಟು ಒಟ್ಟನ್ನು ಆರರಿಂದ ಭಾಗಿಸಬೇಕು. ಆಗ 7 ವಾರ ಬರುತ್ತದೆ. ಅಂದರೆ ‘ಸಾಮಾನ್ಯವಾಗಿ ಆರು ವಾರ ಸಾಕು’ ಎಂಬ ಮಾತಿನಲ್ಲಿ ಅಡಗಿದ್ದ ಅತಿಯಾದ ಭರವಸೆಯನ್ನು ಲೆಕ್ಕವೇ ತಿದ್ದುತ್ತದೆ. ಅನಿಶ್ಚಿತತೆಯನ್ನು ಅಂಕಿಗಳಲ್ಲಿ ಒಪ್ಪಿಕೊಳ್ಳುವ ಈ ಪದ್ಧತಿ ಹುಟ್ಟಿದ್ದೇ ಹೊಸತನವನ್ನು ನಿರ್ವಹಿಸುವ ಅಗತ್ಯದಿಂದ ಎಂಬುದು ಗಮನಾರ್ಹ.

ಬಳಿಕ ವೃತ್ತಿಪರ ಸಂಸ್ಥೆಗಳು ತಲೆಯೆತ್ತಿದವು. ಯುರೋಪ್‌ನಲ್ಲಿ 1965ರಲ್ಲಿ ಬೇರೂರಿದ ಸಂಘಟನೆ ಇಂದು ಐಪಿಎಂಎ ಎಂದು ಪ್ರಸಿದ್ಧವಾಗಿದೆ. ಅಮೆರಿಕದಲ್ಲಿ 1969ರಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್, ಅಂದರೆ ಪಿಎಂಐ, ಸ್ಥಾಪನೆಯಾಯಿತು. ಬ್ರಿಟನ್ ಸರ್ಕಾರವು ತನ್ನ ಮಾಹಿತಿ ತಂತ್ರಜ್ಞಾನ ಪ್ರಾಜೆಕ್ಟ್‌ಗಳಿಗಾಗಿ 1989ರಲ್ಲಿ ‘ಪ್ರಿನ್ಸ್’ ವಿಧಾನವನ್ನು ಜಾರಿಗೊಳಿಸಿತು. 1996ರಲ್ಲಿ ಅದು ಎಲ್ಲ ಬಗೆಯ ಕೆಲಸಗಳಿಗೂ ಹೊಂದುವ ‘ಪ್ರಿನ್ಸ್2’ ಆಗಿ ರೂಪುಗೊಂಡಿತು. ಭಾರತದಲ್ಲಿ ನೀತಿ ಆಯೋಗ ಮತ್ತು ಭಾರತೀಯ ಗುಣಮಟ್ಟ ಮಂಡಳಿ 2020ರಲ್ಲಿ ರಾಷ್ಟ್ರೀಯ ಪ್ರಾಜೆಕ್ಟ್ ನಿರ್ವಹಣಾ ನೀತಿಯ ಚೌಕಟ್ಟೊಂದನ್ನು ಹೊರತಂದವು.

ಸೋಲಿನ ಬೆಲೆ ಇಳಿಸುವ ವಿದ್ಯೆ

ಪ್ರಾಜೆಕ್ಟ್ ನಿರ್ವಹಣೆಯಿಂದ ಸೋಲು ತಪ್ಪುತ್ತದೆ ಎಂಬ ನಂಬಿಕೆ ಸಾಮಾನ್ಯ. ಆದರೆ ಹೊಸ ಆಲೋಚನೆಗಳಲ್ಲಿ ಕೆಲವು ಸೋಲಲೇಬೇಕು. ಯಾವುದೂ ಸೋಲದಿದ್ದರೆ ಅಲ್ಲಿ ಹೊಸತೇನೂ ನಡೆಯುತ್ತಿಲ್ಲ ಎಂದೇ ಅರ್ಥ. ಸೋಲುವುದು ಬೇಗ ಸೋಲಲಿ, ಅಗ್ಗದಲ್ಲಿ ಸೋಲಲಿ ಎಂದು ನೋಡಿಕೊಳ್ಳುವುದೇ ಈ ವಿದ್ಯೆಯಿಂದ ದೊರೆಯುವ ದೊಡ್ಡ ಉಪಕಾರ.

ಕೆನಡಾದ ಪ್ರಾಧ್ಯಾಪಕ ರಾಬರ್ಟ್ ಕೂಪರ್ ಅವರು 1980ರ ದಶಕದಲ್ಲಿ ಪ್ರತಿಪಾದಿಸಿದ ‘ಹಂತ ಮತ್ತು ದ್ವಾರ’ ಪದ್ಧತಿ ಈ ತತ್ವವನ್ನು ಸ್ಪಷ್ಟಪಡಿಸುತ್ತದೆ. ಕೆಲಸವನ್ನು ಹಂತಗಳಾಗಿ ವಿಂಗಡಿಸಿ, ಪ್ರತಿ ಹಂತದ ಕೊನೆಗೆ ಒಂದು ದ್ವಾರವನ್ನು ಇರಿಸಲಾಗುತ್ತದೆ. ಅಲ್ಲಿ ಮುಂದುವರಿಯಬೇಕೇ, ತಿದ್ದಬೇಕೇ, ನಿಲ್ಲಿಸಬೇಕೇ ಎಂಬ ತೀರ್ಮಾನವಾಗಬೇಕು. ಆ ತೀರ್ಮಾನವಾಗದೆ ಮುಂದಿನ ಕಂತಿನ ಹಣ ಬಿಡುಗಡೆಯಾಗದು.

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ಪಂಪ್‌ಸೆಟ್‌ನ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯೊಂದು ಸಿರಿಧಾನ್ಯ ಬೆಳೆಗಾರರಿಗಾಗಿ ಹೊಸ ಯಂತ್ರ ತಯಾರಿಸಲು 20 ಲಕ್ಷ ರೂಪಾಯಿ ಮೀಸಲಿಟ್ಟಿದೆ ಎಂದು ಭಾವಿಸೋಣ. ಮಾಲೀಕರಿಗೆ ಮೆಚ್ಚುಗೆಯಾದ ಒಂದೇ ಆಲೋಚನೆಯ ಮೇಲೆ ಅಷ್ಟೂ ಹಣ ಹೂಡಿದರೆ, ಯಂತ್ರ ಸಿದ್ಧವಾದ ಮೇಲೆ ರೈತರು ಕೊಳ್ಳದಿದ್ದಲ್ಲಿ ನಷ್ಟ ಪೂರ್ಣ 20 ಲಕ್ಷ.

ದ್ವಾರಗಳ ಪದ್ಧತಿಯಲ್ಲಿ ಲೆಕ್ಕ ಬೇರೆಯಾಗುತ್ತದೆ. ಮೊದಲು ಐದು ಆಲೋಚನೆಗಳನ್ನು ತಲಾ 50 ಸಾವಿರ ರೂಪಾಯಿ ವೆಚ್ಚದಲ್ಲಿ ರೈತರ ಬಳಿ ಪರೀಕ್ಷಿಸಿದರೆ ಎರಡೂವರೆ ಲಕ್ಷ. ಉಳಿದುಕೊಂಡ ಎರಡಕ್ಕೆ ತಲಾ 3 ಲಕ್ಷದಲ್ಲಿ ಪ್ರಾಯೋಗಿಕ ಮಾದರಿ ತಯಾರಿಸಿದರೆ 6 ಲಕ್ಷ. ಗೆದ್ದ ಒಂದರ ತಯಾರಿಕೆಗೆ ಹನ್ನೊಂದೂವರೆ ಲಕ್ಷ ಉಳಿದಿರುತ್ತದೆ. ಅದೇ 20 ಲಕ್ಷದಲ್ಲಿ ಒಂದರ ಬದಲು ಐದು ಆಲೋಚನೆಗಳಿಗೆ ಅವಕಾಶ ದೊರೆಯಿತು. ಐದರಲ್ಲಿ ಒಂದೂ ಗೆಲ್ಲದಿದ್ದರೂ ಹೆಚ್ಚಿನ ಹಣ ಗಲ್ಲಾಪೆಟ್ಟಿಗೆಯಲ್ಲೇ ಇರುತ್ತದೆ.

ತಪ್ಪು ತಡವಾಗಿ ಪತ್ತೆಯಾದಷ್ಟೂ ತಿದ್ದುವ ವೆಚ್ಚ ಏರುತ್ತದೆ. ನಕ್ಷೆಯಲ್ಲಿ ಕಂಡ ದೋಷವನ್ನು ರಬ್ಬರಿನಿಂದ ಅಳಿಸಬಹುದು. ಎರಕದ ಅಚ್ಚು ಸಿದ್ಧವಾದ ಮೇಲೆ ಕಂಡರೆ ಅಚ್ಚನ್ನೇ ಎಸೆಯಬೇಕು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಬೆಂಗಳೂರಿನ ಪಾಠ

ಶಿಸ್ತು ಮತ್ತು ಪ್ರಮಾಣೀಕರಣ ಉದ್ಯಮವನ್ನು ಹೇಗೆ ಬದಲಿಸಬಲ್ಲವು ಎಂಬುದಕ್ಕೆ ಬೆಂಗಳೂರಿನ ಸಾಫ್ಟ್‌ವೇರ್ ಕ್ಷೇತ್ರಕ್ಕಿಂತ ಸಮೀಪದ ನಿದರ್ಶನವಿಲ್ಲ.

ಅಮೆರಿಕದ ರಕ್ಷಣಾ ಇಲಾಖೆ ಸಾಫ್ಟ್‌ವೇರ್ ಗುತ್ತಿಗೆದಾರರ ಸಾಮರ್ಥ್ಯವನ್ನು ಅಳೆಯುವ ಮಾನದಂಡವೊಂದನ್ನು ಬಯಸಿತು. ಅದರ ನೆರವಿನಿಂದ 1984ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಸಂಸ್ಥೆಯಲ್ಲಿ, ವ್ಯಾಟ್ಸ್ ಹಂಫ್ರಿ ಅವರ ಚಿಂತನೆಯ ಆಧಾರದ ಮೇಲೆ 1991ರಲ್ಲಿ ಸಿಎಂಎಂ ಎಂಬ ಐದು ಮಟ್ಟಗಳ ಮಾದರಿ ಸಿದ್ಧವಾಯಿತು. ಮೊದಲ ಮಟ್ಟದಲ್ಲಿ ಕೆಲಸ ನಡೆಯುವುದು ಕೆಲವು ವ್ಯಕ್ತಿಗಳ ಸಾಹಸದಿಂದ. ಎರಡನೆಯ ಮಟ್ಟಕ್ಕೆ ಏರಲು ಅಗತ್ಯಗಳ ದಾಖಲೆ, ಪ್ರಾಜೆಕ್ಟ್ ಯೋಜನೆ, ಪ್ರಗತಿಯ ನಿಗಾ, ಬದಲಾವಣೆಗಳ ನಿಯಂತ್ರಣ ಇತ್ಯಾದಿ ಮೂಲಭೂತ ಪ್ರಾಜೆಕ್ಟ್ ನಿರ್ವಹಣೆ ಬೇಕು. ಮೂರನೆಯದರಲ್ಲಿ ಇಡೀ ಸಂಸ್ಥೆಗೆ ಒಂದೇ ಕ್ರಮ, ನಾಲ್ಕನೆಯದರಲ್ಲಿ ಅಂಕಿಅಂಶಗಳ ಮೂಲಕ ಅಳತೆ. ಐದನೆಯ ಮಟ್ಟದಲ್ಲಿ ದೋಷಗಳ ಮೂಲ ನಿವಾರಣೆಯ ಜೊತೆಗೆ ಹೊಸ ತಂತ್ರಜ್ಞಾನ ಮತ್ತು ಹೊಸ ಕಾರ್ಯವಿಧಾನಗಳನ್ನು ಕ್ರಮಬದ್ಧವಾಗಿ ಅಳವಡಿಸುವ ಶಕ್ತಿ ಇರಬೇಕು. ಇದರ ಉತ್ತರಾಧಿಕಾರಿಯಾದ ಸಿಎಂಎಂಐ ಮಾದರಿಯ 2002ರ ಆವೃತ್ತಿಯಲ್ಲಂತೂ ಐದನೆಯ ಮಟ್ಟದ ಒಂದು ಅಂಶದ ಹೆಸರಿನಲ್ಲೇ ‘ನಾವೀನ್ಯ’ ಎಂಬ ಮಾತಿತ್ತು.

ಏಣಿಯ ಕೆಳಗಿನ ಮೆಟ್ಟಿಲು ಪ್ರಾಜೆಕ್ಟ್ ನಿರ್ವಹಣೆ, ಮೇಲಿನ ಮೆಟ್ಟಿಲು ನಾವೀನ್ಯ. ಕೆಳಗಿನದನ್ನು ಹಾರಿ ಮೇಲಿನದನ್ನು ಮುಟ್ಟಲಾಗದು ಎಂಬುದು ಈ ಮಾದರಿಯ ಸಂದೇಶ.

ಮೋಟೊರೋಲಾದ ಬೆಂಗಳೂರು ಸಾಫ್ಟ್‌ವೇರ್ ಕೇಂದ್ರವು 1990ರ ದಶಕದ ಮೊದಲರ್ಧದಲ್ಲೇ ಐದನೆಯ ಮಟ್ಟ ತಲುಪಿ, ಜಗತ್ತಿನಲ್ಲಿ ಈ ಸಾಧನೆ ಮಾಡಿದ ಮೊದಲ ಕೆಲವೇ ಘಟಕಗಳಲ್ಲಿ ಒಂದೆನಿಸಿತು. ಆ ದಶಕದ ಕೊನೆಗೆ ವಿಪ್ರೊ, ಇನ್ಫೊಸಿಸ್‌ಗಳೂ ಅದೇ ಮಟ್ಟ ಮುಟ್ಟಿದವು. ಸಾವಿರಾರು ಮೈಲಿ ದೂರದ, ಹೆಸರನ್ನೂ ಕೇಳಿರದ ಕಂಪನಿಗೆ ತನ್ನ ಬ್ಯಾಂಕಿಂಗ್ ವ್ಯವಸ್ಥೆಯನ್ನು ಒಪ್ಪಿಸಲು ಅಮೆರಿಕದ ಗ್ರಾಹಕ ಹಿಂಜರಿಯುವುದು ಸಹಜವಾಗಿತ್ತು. ಆತನಿಗೆ ಪರಿಚಿತವಾದ ಮಾನದಂಡದಲ್ಲಿ ದೊರೆತ ಮಾನ್ಯತೆ ಆ ಹಿಂಜರಿಕೆಯನ್ನು ತಗ್ಗಿಸಿತು. ಅಪರಿಚಿತರ ನಡುವೆ ನಂಬಿಕೆಯ ಸೇತುವೆಯಾಗುವುದು ಪ್ರಮಾಣಪತ್ರದ ಮೊದಲ ಪ್ರಯೋಜನ.

ಆ ಸೇತುವೆಯ ಮೇಲೆ ನಡೆದ ಹೊಸತನವೆಂದರೆ ‘ಜಾಗತಿಕ ವಿತರಣಾ ಮಾದರಿ’. ಗ್ರಾಹಕರ ಬಳಿ ಒಂದು ಸಣ್ಣ ತಂಡ, ಬೆಂಗಳೂರು, ಮೈಸೂರು ಮುಂತಾದ ಕಡೆ ದೊಡ್ಡ ತಂಡ. ಕೆಲಸವನ್ನು ತುಂಡುಗಳಾಗಿ ವಿಂಗಡಿಸಿ ಎಲ್ಲಿ ಯಾವುದು ಲಾಭಕರವೋ ಅಲ್ಲಿ ಮಾಡುವುದು. ಅಲ್ಲಿ ರಾತ್ರಿಯಾದಾಗ ಇಲ್ಲಿ ಹಗಲಾಗುವುದರಿಂದ ಕೆಲಸ ದಿನವಿಡೀ ಸಾಗುವುದು. ಇನ್ಫೊಸಿಸ್ ಈ ಮಾದರಿಯನ್ನು ಬೆಳೆಸಿದ ಪ್ರಮುಖ ಕಂಪನಿಗಳಲ್ಲೊಂದು. ಎರಡು ಖಂಡಗಳ ನಡುವೆ ಹಂಚಿಹೋದ ಕೆಲಸ ಒಂದಾಗಿ ಕೂಡಿಕೊಳ್ಳಬೇಕಾದರೆ ಅಗತ್ಯಗಳು ಬರಹದಲ್ಲಿರಬೇಕು, ಮೈಲಿಗಲ್ಲುಗಳು ಸ್ಪಷ್ಟವಿರಬೇಕು, ಪ್ರತಿ ಬದಲಾವಣೆಯೂ ದಾಖಲಾಗಬೇಕು. ಪ್ರಾಜೆಕ್ಟ್ ನಿರ್ವಹಣೆಯ ಅಡಿಪಾಯವಿಲ್ಲದೆ ಈ ವ್ಯವಹಾರ ಮಾದರಿ ಒಂದು ದಿನವೂ ನಿಲ್ಲುತ್ತಿರಲಿಲ್ಲ.

ಇಲ್ಲಿ ಒಂದು ಮಿತಿಯನ್ನೂ ಹೇಳಬೇಕು. ಈ ಕಂಪನಿಗಳ ಹೊಸತನ ಹೆಚ್ಚಾಗಿ ಕೆಲಸ ಮಾಡಿಕೊಡುವ ಬಗೆಯಲ್ಲಿತ್ತು. ಜಗತ್ತು ಹೆಸರಿಸುವಂಥ ಸ್ವಂತ ಉತ್ಪನ್ನಗಳು ಆ ಪ್ರಮಾಣದಲ್ಲಿ ಹೊರಬರಲಿಲ್ಲ ಎಂಬ ಟೀಕೆ ಹಳೆಯದು. ಐದನೆಯ ಮಟ್ಟದ ಮಾನ್ಯತೆ ಹೇಳಿದ ಕೆಲಸವನ್ನು ಚೆನ್ನಾಗಿ ಮಾಡುವುದನ್ನು ಖಾತರಿಪಡಿಸಬಹುದು. ಯಾವ ಕೆಲಸ ಮಾಡಬೇಕೆಂಬುದನ್ನು ಅದು ಹೇಳಿಕೊಡದು.

ಸಿಂಪ್ಯೂಟರ್: ಆಲೋಚನೆ ಇತ್ತು, ಮಾರುಕಟ್ಟೆ ಸಿಗಲಿಲ್ಲ

ಇದಕ್ಕೆ ಎದುರಾದ ನಿದರ್ಶನವೂ ಬೆಂಗಳೂರಿನದೇ. ಜನಸಾಮಾನ್ಯರ ಅಗ್ಗದ ಕಿರು ಕಂಪ್ಯೂಟರ್ ಎಂಬ ಆಲೋಚನೆ 1998ರಲ್ಲಿ ನಗರದಲ್ಲಿ ಮೊಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಕೂಡಿ ಸಿಂಪ್ಯೂಟರ್ ಟ್ರಸ್ಟ್ ರಚಿಸಿದರು. 2001ರಲ್ಲಿ ಮಾದರಿ ಬಿಡುಗಡೆಯಾಯಿತು. ಮುಟ್ಟಿ ಬಳಸುವ ಪರದೆ, ದೇಶಭಾಷೆಗಳಲ್ಲಿ ಓದಿ ಹೇಳುವ ಸೌಲಭ್ಯ, ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಲು ಸ್ಮಾರ್ಟ್ ಕಾರ್ಡ್ ಅದರಲ್ಲಿದ್ದವು. ಸ್ಮಾರ್ಟ್‌ಫೋನ್‌ಗಳು ಮನೆಮಾತಾಗುವುದಕ್ಕೆ ಹಲವು ವರ್ಷಗಳ ಹಿಂದಿನ ಮಾತಿದು.

ಆದರೆ ‘ಅಮಿಡಾ’ ಹೆಸರಿನಲ್ಲಿ ಅದು ವಾಣಿಜ್ಯ ಉತ್ಪನ್ನವಾಗಿ ಮಾರುಕಟ್ಟೆ ಪ್ರವೇಶಿಸಿದ್ದು 2004ರಲ್ಲಿ; ಬಿಇಎಲ್ ಅದನ್ನು ತಯಾರಿಸಿತು. ಅಷ್ಟರಲ್ಲಿ ಮೊಬೈಲ್ ಫೋನ್ ಬೆಲೆ ಇಳಿದು ಹಳ್ಳಿಗಳನ್ನು ತಲುಪತೊಡಗಿತ್ತು. ಮಾರಾಟ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ.

ತಂತ್ರಜ್ಞಾನದಲ್ಲಿ ಕೊರತೆಯಿತ್ತು ಎನ್ನಲಾಗದು. ದೊಡ್ಡ ಪ್ರಮಾಣದ ತಯಾರಿಕೆಯಿಲ್ಲದೆ ಬೆಲೆ ಇಳಿಯದು, ಬೆಲೆ ಇಳಿಯದೆ ಕೊಳ್ಳುವವರಿಲ್ಲ ಎಂಬ ಗಂಟು ಬಿಡಿಸುವುದೇ ಇಲ್ಲಿ ನಿರ್ಣಾಯಕ ಕೆಲಸವಾಗಿತ್ತು. ಆಲೋಚನೆಗೂ ಮಾರುಕಟ್ಟೆಗೂ ನಡುವೆ ಕಳೆದುಹೋಗುವ ವರ್ಷಗಳಿಗೆ ಎಷ್ಟು ದೊಡ್ಡ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಸಿಂಪ್ಯೂಟರ್ ತೋರಿಸಿಕೊಟ್ಟಿತು. ಹಣ, ತಯಾರಿಕೆ, ಮಾರಾಟ ಇವುಗಳನ್ನು ಮೊದಲ ದಿನದಿಂದಲೇ ಪ್ರಾಜೆಕ್ಟ್‌ನ ಭಾಗವೆಂದು ಎಣಿಸಬೇಕೆಂಬುದು ಇದರಿಂದ ಕಲಿಯಬೇಕಾದ ಪಾಠ.

ಪ್ರಮುಖ ಪ್ರಮಾಣಪತ್ರಗಳು

ಪ್ರಮಾಣಪತ್ರಗಳಲ್ಲಿ ಎರಡು ಬಗೆ. ಒಂದು ವ್ಯಕ್ತಿಗೆ ನೀಡುವಂಥದ್ದು, ಇನ್ನೊಂದು ಸಂಸ್ಥೆಗೆ ನೀಡುವಂಥದ್ದು. ಮುಖ್ಯವಾದವುಗಳ ವಿವರ ಹೀಗಿದೆ:

* ಪಿಎಂಪಿ: ಪಿಎಂಐ 1984ರಲ್ಲಿ ಆರಂಭಿಸಿದ ಪರೀಕ್ಷೆ. ನಾಲ್ಕು ವರ್ಷಗಳ ಪದವೀಧರರಿಗೆ ಪ್ರಾಜೆಕ್ಟ್ ಮುನ್ನಡೆಸಿದ 36 ತಿಂಗಳ ಅನುಭವ, ಪ್ರೌಢಶಾಲೆ ಅಥವಾ ಡಿಪ್ಲೊಮಾ ಮಟ್ಟದವರಿಗೆ 60 ತಿಂಗಳ ಅನುಭವ, ಜೊತೆಗೆ 35 ಗಂಟೆಗಳ ತರಬೇತಿ ಅಗತ್ಯ. ಮೂರು ವರ್ಷಗಳಿಗೊಮ್ಮೆ 60 ಅಂಕಗಳಷ್ಟು ಮುಂದುವರಿದ ಕಲಿಕೆಯನ್ನು ತೋರಿಸಿ ನವೀಕರಿಸಬೇಕು. 2021ರ ಪರಿಷ್ಕರಣೆಯಲ್ಲಿ ಜನರನ್ನು ಮುನ್ನಡೆಸುವ ವಿಷಯಕ್ಕೆ ಶೇ 42, ಪ್ರಕ್ರಿಯೆಗಳಿಗೆ ಶೇ 50, ವ್ಯವಹಾರದ ಪರಿಸರಕ್ಕೆ ಶೇ 8ರಷ್ಟು ಪ್ರಶ್ನೆಗಳನ್ನು ನಿಗದಿಪಡಿಸಲಾಯಿತು. ಪಠ್ಯಕ್ರಮ ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಹಾಕುವ ಮುನ್ನ ಪರಿಶೀಲಿಸುವುದು ಒಳಿತು.

* ಸಿಎಪಿಎಂ: ಇದೂ ಪಿಎಂಐ ನೀಡುವಂಥದ್ದೇ. ಅನುಭವವಿಲ್ಲದ ಹೊಸಬರಿಗೆ ಮತ್ತು ವಿದ್ಯಾರ್ಥಿಗಳಿಗೆ ಸೂಕ್ತ. 23 ಗಂಟೆಗಳ ತರಬೇತಿ ಪಡೆದಿರಬೇಕು.

* ಪ್ರಿನ್ಸ್2: ಬ್ರಿಟನ್ ಮೂಲದ ವಿಧಾನ. ಏಳನೆಯ ಆವೃತ್ತಿ 2023ರಲ್ಲಿ ಬಂದಿತು. ಪ್ರಾಜೆಕ್ಟ್ ಮುಂದುವರಿಸಲು ವ್ಯವಹಾರದ ಕಾರಣ ಕೊನೆಯವರೆಗೂ ಉಳಿದಿರಬೇಕು. ಆ ಕಾರಣ ಇಲ್ಲವಾದ ದಿನ ಕೆಲಸ ನಿಲ್ಲಬೇಕು ಎಂಬುದು ಇದರ ಏಳು ತತ್ವಗಳಲ್ಲಿ ಒಂದು.

* ಐಪಿಎಂಎ: ‘ಎ’ಯಿಂದ ‘ಡಿ’ವರೆಗೆ ನಾಲ್ಕು ಮಟ್ಟಗಳಿವೆ. ‘ಡಿ’ ಆರಂಭಿಕರಿಗೆ, ‘ಎ’ ಅತ್ಯುನ್ನತ ಹೊಣೆ ಹೊತ್ತವರಿಗೆ.

* ಸಿಎಂಎಂಐ: ಸಂಸ್ಥೆಯ ಕಾರ್ಯವಿಧಾನಗಳ ಪಕ್ವತೆಯನ್ನು ಅಳೆಯುವ ಮಾದರಿ. ಸಾಫ್ಟ್‌ವೇರ್ ಹೊರಗುತ್ತಿಗೆಯಲ್ಲಿ ಹೆಚ್ಚು ಬಳಕೆಯಲ್ಲಿದೆ.

* ಐಎಸ್‌ಒ ಮಾನಕಗಳು: 2020ರ ಐಎಸ್‌ಒ 21502 ಪ್ರಾಜೆಕ್ಟ್ ನಿರ್ವಹಣೆಗೆ ಮಾರ್ಗದರ್ಶಿ ಮಾತ್ರ, ಸಂಸ್ಥೆಗಳಿಗೆ ಪ್ರಮಾಣಪತ್ರ ನೀಡುವ ಉದ್ದೇಶದಿಂದ ರಚಿಸಿದ್ದಲ್ಲ. ನಾವೀನ್ಯ ನಿರ್ವಹಣೆಗೆ 2019ರಲ್ಲಿ ಐಎಸ್‌ಒ 56002 ಎಂಬ ಮಾರ್ಗದರ್ಶಿ ಬಂದಿತು. 2024ರಲ್ಲಿ ಪ್ರಕಟವಾದ ಐಎಸ್‌ಒ 56001 ಮಾತ್ರ ಪಾಲಿಸಬೇಕಾದ ನಿಯಮಗಳನ್ನು ಒಳಗೊಂಡಿದ್ದು, ಅದರ ಆಧಾರದ ಮೇಲೆ ಸಂಸ್ಥೆಗಳು ಪ್ರಮಾಣಪತ್ರ ಪಡೆಯಬಹುದು. ಐಎಸ್‌ಒ ತಾನೇ ಪ್ರಮಾಣಪತ್ರ ನೀಡುವುದಿಲ್ಲ. ಆ ಕೆಲಸ ಸ್ವತಂತ್ರ ಪ್ರಮಾಣೀಕರಣ ಸಂಸ್ಥೆಗಳದು.

ಚುರುಕು ವಿಧಾನಗಳು

ಮೊದಲೇ ಎಲ್ಲವನ್ನೂ ನಿರ್ಧರಿಸಿ ಕೊನೆಗೆ ಉತ್ಪನ್ನ ಒಪ್ಪಿಸುವ ಕ್ರಮ ಸೇತುವೆ, ಕಟ್ಟಡಗಳಿಗೆ ಹೊಂದುತ್ತದೆ. ಗ್ರಾಹಕನಿಗೇ ತನಗೇನು ಬೇಕೆಂಬುದು ಪೂರ್ಣ ತಿಳಿದಿರದ ಕ್ಷೇತ್ರಗಳಲ್ಲಿ ಅದು ತೊಡಕಾಗುತ್ತದೆ. ಜಪಾನಿನ ಹಿರೊಟಾಕ ಟಾಕೆಯುಚಿ ಮತ್ತು ಇಕುಜಿರೊ ನೊನಾಕ 1986ರಲ್ಲಿ ಬರೆದ ಲೇಖನದಲ್ಲಿ ಹೋಂಡಾ, ಕ್ಯಾನನ್ ಮುಂತಾದ ಕಂಪನಿಗಳ ಹೊಸ ಉತ್ಪನ್ನ ತಂಡಗಳನ್ನು ರಗ್ಬಿ ಆಟದ ತಂಡಕ್ಕೆ ಹೋಲಿಸಿದರು. ಒಬ್ಬರಾದ ಮೇಲೊಬ್ಬರು ಕೋಲು ದಾಟಿಸುವ ರಿಲೇ ಓಟದ ಬದಲು ಇಡೀ ತಂಡ ಚೆಂಡನ್ನು ಹಂಚಿಕೊಂಡು ಒಟ್ಟಾಗಿ ಮುನ್ನುಗ್ಗುತ್ತದೆ ಎಂಬುದು ಅವರ ವಿವರಣೆ. ‘ಸ್ಕ್ರಮ್’ ಎಂಬ ಹೆಸರಿನ ಮೂಲವೂ ಅದೇ ಆಟ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಸೇರಿದ 17 ಮಂದಿ ಸಾಫ್ಟ್‌ವೇರ್ ತಜ್ಞರು ‘ಅಜೈಲ್’ ಪ್ರಣಾಳಿಕೆಯನ್ನು ಹೊರಡಿಸಿದರು.

ಸ್ಕ್ರಮ್‌ನಲ್ಲಿ ಕೆಲಸವು ಒಂದು ತಿಂಗಳು ಮೀರದ ಸಣ್ಣ ಸುತ್ತುಗಳಲ್ಲಿ ನಡೆಯುತ್ತದೆ. ಪ್ರತಿ ಸುತ್ತಿನ ಕೊನೆಗೆ ಬಳಸಬಹುದಾದ ಏನನ್ನಾದರೂ ಗ್ರಾಹಕರ ಮುಂದಿಟ್ಟು ಅಭಿಪ್ರಾಯ ಪಡೆಯಲಾಗುತ್ತದೆ. ಇಲ್ಲಿ ಶಿಸ್ತು ಸಡಿಲವೆಂದು ಭಾವಿಸಬಾರದು. ಹಂತ ಮತ್ತು ದ್ವಾರ ಪದ್ಧತಿಯ ಗುರಿಯೇ ಇಲ್ಲಿಯೂ ಇದೆ. ದ್ವಾರಗಳು ಮಾತ್ರ ಹತ್ತಿರ ಹತ್ತಿರ ಬಂದಿವೆ.

ಪ್ರಮಾಣಪತ್ರದ ಮಿತಿ

ಶಿಸ್ತು ಅತಿಯಾದರೆ ಹೊಸತನದ ಉಸಿರು ಕಟ್ಟುತ್ತದೆ ಎಂಬುದಕ್ಕೆ ಅಮೆರಿಕದ 3ಎಂ ಕಂಪನಿಯ ಅನುಭವವನ್ನು ಹೇಳುವುದುಂಟು. ಅಲ್ಲಿ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಕಂಡುಹಿಡಿದ ಬಿಗಿಯಾಗಿ ಅಂಟದ ಅಂಟಿಗೆ ಉಪಯೋಗವೇನೆಂದು ವರ್ಷಗಟ್ಟಲೆ ತಿಳಿದಿರಲಿಲ್ಲ. ಸಹೋದ್ಯೋಗಿ ಆರ್ಟ್ ಫ್ರೈ ಅವರಿಗೆ ಹೊಳೆದ ಯುಕ್ತಿಯಿಂದ ಅದು ‘ಪೋಸ್ಟ್-ಇಟ್’ ಚೀಟಿಯಾಗಿ 1980ರಲ್ಲಿ ಅಮೆರಿಕದಾದ್ಯಂತ ಮಾರಾಟಕ್ಕೆ ಬಂದಿತು. ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳುವ ವ್ಯವಸ್ಥೆಯಲ್ಲಿ ಆ ಅಂಟು ಮೊದಲ ದ್ವಾರವನ್ನೇ ದಾಟುತ್ತಿರಲಿಲ್ಲವೇನೋ.

2001ರಲ್ಲಿ ಜನರಲ್ ಎಲೆಕ್ಟ್ರಿಕ್‌ನಿಂದ ಬಂದು ಅಧಿಕಾರ ವಹಿಸಿಕೊಂಡ ಜೇಮ್ಸ್ ಮೆಕ್‌ನರ್ನಿ, ‘ಸಿಕ್ಸ್ ಸಿಗ್ಮಾ’ ಶಿಸ್ತನ್ನು ಇಡೀ ಕಂಪನಿಗೆ ವಿಸ್ತರಿಸಿದರು. ನೌಕರರು ದೊಡ್ಡ ಸಂಖ್ಯೆಯಲ್ಲಿ ತರಬೇತಿ ಮತ್ತು ಪ್ರಮಾಣಪತ್ರ ಪಡೆದರು. ಕಾರ್ಖಾನೆಗಳಲ್ಲಿ ವೆಚ್ಚ ತಗ್ಗಿತು, ಲಾಭ ಹೆಚ್ಚಿತು. ಆದರೆ ಪ್ರಯೋಗಾಲಯಗಳಲ್ಲೂ ಅದೇ ಅಳತೆಗೋಲು ಬಳಸಿದ್ದರಿಂದ ದಿಟ್ಟ ಸಂಶೋಧನೆ ಕುಗ್ಗಿತೆಂಬ ಟೀಕೆ ಬಂದಿತು. 2005ರಲ್ಲಿ ಬಂದ ಉತ್ತರಾಧಿಕಾರಿ ಜಾರ್ಜ್ ಬಕ್ಲಿ ಸಂಶೋಧನಾ ವಿಭಾಗದಲ್ಲಿ ಆ ಬಿಗಿಯನ್ನು ಸಡಿಲಿಸಿದರು.

ಕಾರ್ಖಾನೆಯ ಶಿಸ್ತು ಬೇರೆ, ಪ್ರಯೋಗಾಲಯದ ಶಿಸ್ತು ಬೇರೆ. ಆಲೋಚನೆ ಮೊಳೆಯುವ ಹಂತದಲ್ಲಿ ಸಮಯ ಮತ್ತು ಸಣ್ಣ ಮೊತ್ತದ ಹಣವನ್ನು ಲೆಕ್ಕ ಕೇಳದೆ ಬಿಡಬೇಕು. ದೊಡ್ಡ ಹಣ ಹೂಡುವ ಹಂತಕ್ಕೆ ಬಂದ ಮೇಲೆ ಲೆಕ್ಕವನ್ನು ಬಿಗಿಯಾಗಿ ಕೇಳಬೇಕು. ಈ ವಿವೇಚನೆಯನ್ನು ಯಾವ ಪ್ರಮಾಣಪತ್ರವೂ ತಾನಾಗಿ ಕೊಡುವುದಿಲ್ಲ.

ಸಣ್ಣ ಉದ್ಯಮಗಳಿಗೆ ದಾರಿ

ಹತ್ತಿಪ್ಪತ್ತು ಜನರಿರುವ ಘಟಕಕ್ಕೆ ಪ್ರಮಾಣಪತ್ರವುಳ್ಳ ವ್ಯವಸ್ಥಾಪಕರನ್ನು ನೇಮಿಸಿಕೊಳ್ಳುವುದು ಹೊರೆಯಾಗಬಹುದು. ಆದರೆ ಪದ್ಧತಿಗಳನ್ನು ಅಳವಡಿಸಿಕೊಳ್ಳಲು ಹೆಚ್ಚಿನ ಖರ್ಚಿಲ್ಲ. ಈ ಐದು ಕ್ರಮಗಳಿಂದ ಆರಂಭಿಸಬಹುದು:

1. ಉತ್ಪನ್ನ ಯಾರಿಗಾಗಿ, ಏಕೆ, ಎಷ್ಟು ಹಣ ಮತ್ತು ಸಮಯದಲ್ಲಿ ಎಂಬುದನ್ನು ಒಂದೇ ಪುಟದಲ್ಲಿ ಬರೆದು ಎಲ್ಲರೂ ಸಹಿ ಹಾಕುವುದು.

2. ಕೆಲಸವನ್ನು ಸಣ್ಣ ತುಂಡುಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಒಬ್ಬರನ್ನೇ ಹೊಣೆ ಮಾಡುವುದು.

3. ಅಪಾಯಗಳ ಪಟ್ಟಿ ಇಡುವುದು. ಮೋಟಾರ್ ತಡವಾಗಿ ಬಂದರೆ? ಹಳ್ಳಿಯ ವಿದ್ಯುತ್ ಏರಿಳಿತಕ್ಕೆ ಯಂತ್ರ ತಾಳದಿದ್ದರೆ? ಸುಗ್ಗಿ ಮುಗಿದ ಮೇಲೆ ಸಿದ್ಧವಾದ ಒಕ್ಕಣೆ ಯಂತ್ರ ಮುಂದಿನ ಸುಗ್ಗಿಯವರೆಗೆ ಗೋದಾಮಿನಲ್ಲೇ ಇರಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

4. ಮೊದಲೇ ನಿಲುಗಡೆಯ ದ್ವಾರಗಳನ್ನು ಗೊತ್ತುಪಡಿಸುವುದು. ಯಾವ ಫಲಿತಾಂಶ ಬಂದರೆ ಕೆಲಸ ನಿಲ್ಲಿಸಬೇಕೆಂದು ಉತ್ಸಾಹ ಏರುವ ಮುನ್ನವೇ ಬರೆದಿಡುವುದು.

5. ಕೆಲಸ ಮುಗಿದ ಮೇಲೆ ಏನು ಕಲಿತೆವೆಂಬುದನ್ನು ದಾಖಲಿಸುವುದು. ಅನುಭವಿ ನೌಕರ ಕೆಲಸ ಬಿಟ್ಟರೂ ಅನುಭವ ಉಳಿಯುತ್ತದೆ.

ಈ ದಾಖಲೆಗಳು ಕೆಲಸಗಾರರು ಆಡುವ ಭಾಷೆಯಲ್ಲೇ ಇರುವುದು ಮುಖ್ಯ. ಪಿಎಂಪಿ ಪರೀಕ್ಷೆ ಕನ್ನಡದಲ್ಲಿಲ್ಲ. ಆದರೆ ಫಿಟ್ಟರ್, ಟರ್ನರ್, ಸೂಪರ್‌ವೈಸರ್‌ಗಳು ಓದಲಾಗದ ಇಂಗ್ಲಿಷ್ ನಮೂನೆ ಕಚೇರಿಯ ಕಡತಕ್ಕೆ ಶೋಭೆಯೇ ಹೊರತು ಕೆಲಸಕ್ಕೆ ಉಪಯೋಗವಿಲ್ಲ. ಅಪಾಯ ಮೊದಲು ಕಣ್ಣಿಗೆ ಬೀಳುವುದು ಯಂತ್ರದ ಮುಂದೆ ನಿಂತವರಿಗೆ.

ಸರ್ಕಾರದ ನೆರವು ಬಯಸುವವರಿಗೂ ಈ ಅಭ್ಯಾಸ ಅನಿವಾರ್ಯವಾಗುತ್ತಿದೆ. ಕೇಂದ್ರದ ಬೈರಾಕ್ ಸಂಸ್ಥೆಯು ಜೈವಿಕ ತಂತ್ರಜ್ಞಾನದ ಹೊಸ ಆಲೋಚನೆಗಳಿಗೆ 50 ಲಕ್ಷ ರೂಪಾಯಿವರೆಗೆ ನೀಡುವ ‘ಬಿಗ್’ ಅನುದಾನವು ಒಂದೇ ಗಂಟಿನಲ್ಲಿ ಕೈಸೇರುವುದಿಲ್ಲ. ಒಪ್ಪಿಕೊಂಡ ಮೈಲಿಗಲ್ಲುಗಳನ್ನು ಮುಟ್ಟಿದಂತೆ ಕಂತುಗಳಲ್ಲಿ ಬರುತ್ತದೆ. ಮೈಲಿಗಲ್ಲನ್ನು ಅಂದಾಜು ಮಾಡಲು ಬಾರದವರು ಒಳ್ಳೆಯ ಆಲೋಚನೆಯಿದ್ದರೂ ಎರಡನೆಯ ಕಂತಿಗೆ ಪರದಾಡಬೇಕಾದೀತು.

ಅಭ್ಯರ್ಥಿಗಳು ಗಮನಿಸಬೇಕಾದದ್ದು

ಪ್ರಮಾಣಪತ್ರಕ್ಕೆ ಹಣ ಕಟ್ಟುವ ಮುನ್ನ ಮೂರು ಸಂಗತಿಗಳನ್ನು ಪರಿಶೀಲಿಸಬೇಕು. ತಮ್ಮ ಕ್ಷೇತ್ರದ ಉದ್ಯೋಗದಾತರು ಯಾವುದನ್ನು ಮನ್ನಿಸುತ್ತಾರೆ? ಬೇಕಾದ ಅನುಭವದ ಅವಧಿ ನಿಜವಾಗಿ ತಮಗಿದೆಯೇ? ತರಬೇತಿ ನೀಡುವ ಸಂಸ್ಥೆಗೆ ಮೂಲ ಸಂಸ್ಥೆಯ ಮಾನ್ಯತೆಯಿದೆಯೇ? ‘ಖಚಿತ ಉತ್ತೀರ್ಣತೆ’ಯ ಭರವಸೆ ನೀಡುವ ಜಾಹೀರಾತುಗಳನ್ನು ನಂಬಬಾರದು. ಅನುಭವವನ್ನು ಉತ್ಪ್ರೇಕ್ಷಿಸಿ ಅರ್ಜಿ ತುಂಬುವುದೂ ಅಪಾಯಕರ. ಪಿಎಂಐ ಆಯ್ದ ಅರ್ಜಿಗಳನ್ನು ಪರಿಶೋಧನೆಗೆ ಒಳಪಡಿಸಿ ದಾಖಲೆ ಕೇಳುತ್ತದೆ. ಡಿಪ್ಲೊಮಾ ಮುಗಿಸಿದ ಹೊಸಬರು ಸಿಎಪಿಎಂನಂಥ ಆರಂಭಿಕ ಹಂತದಿಂದ ಹೊರಟು, ಕೆಲಸದಲ್ಲಿ ಪಳಗಿದ ಮೇಲೆ ಮುಂದಿನದಕ್ಕೆ ಕೈಹಾಕುವುದು ಸೂಕ್ತ.

ಉದ್ಯಮಿಗಳಿಗೂ ಒಂದು ಮಾತು. ಪ್ರಮಾಣಪತ್ರ ಪಡೆದು ಬಂದ ನೌಕರನನ್ನು ಹಳೆಯ ಕ್ರಮದಲ್ಲೇ ದುಡಿಸಿದರೆ ಆ ಕಾಗದಕ್ಕೆ ಬೆಲೆಯಿಲ್ಲ. ‘ಈ ಕೆಲಸ ಇಲ್ಲಿಗೆ ನಿಲ್ಲಿಸೋಣ’ ಎಂದು ಹೇಳುವ ಅಧಿಕಾರ ಆತನಿಗೆ ಇರಬೇಕು. ಹಾಗೆ ಹೇಳಿದ್ದಕ್ಕಾಗಿ ಆತ ಕೆಲಸ ಕಳೆದುಕೊಳ್ಳಬಾರದು. ಬೇಗ ನಿಲ್ಲಿಸಿದ ಒಂದು ಪ್ರಾಜೆಕ್ಟ್‌ನಲ್ಲಿ ಉಳಿದ ಹಣವೇ ಮುಂದಿನ ಹೊಸತನಕ್ಕೆ ಬಂಡವಾಳ.